ಏಳನೇ ಹಾಸಿಗೆ

ಪರೀಕ್ಷೆ ಮುಗಿದ ಮಾರನೇ ದಿನವೇ ಭೂಮಿಕಾ ಕಡೂರಿನಿಂದ ಅಜ್ಜಂಪುರದ ಅಜ್ಜಿಯ ಮನೆಗೆ ಬಂದಿಳಿದಳು. ಬಂದ ಮೇಲೆ ಅವಳು ಅಜ್ಜಿಗೆ ಮುಖ ತೋರಿಸಿದ್ದಕ್ಕಿಂತ ಅಂಗಾಲು ತೋರಿಸಿದ್ದೇ ಹೆಚ್ಚು. ಹಲ್ಲುಜ್ಜುವುದಕ್ಕೂ ಮೊದಲೇ ಗೋಡೆಗೆ ಕಾಲು ಕೊಟ್ಟು ತಲೆಕೆಳಗಾಗಿ ನಿಲ್ಲುವುದು, ಊಟಕ್ಕೆ ಕರೆದರೆ ನಡುಮನೆಯಿಂದ ಅಡುಗೆಮನೆಯವರೆಗೆ ಚಕ್ರ ಹಾಕಿಕೊಂಡು ಬರುವುದು, ಟೀವಿ ನೋಡುವಾಗಲೂ ಎರಡು ಕಾಲನ್ನು ಎರಡು ದಿಕ್ಕಿಗೆ ಚಾಚಿ ನೆಲಕ್ಕೆ ಅಂಟಿಸಿ ಕೂರುವುದು. ಯುಗಾದಿಗೆಂದು ಸುಣ್ಣ ಬಳಿಸಿದ್ದ ಗೋಡೆಯ ಮೇಲೆ ಹತ್ತು ವರ್ಷದ ಹುಡುಗಿಯ ಹಿಮ್ಮಡಿಯ ಗುರುತುಗಳು ಸಾಲಾಗಿ ಮೂಡಿದ್ದವು. ಯಶೋದಾ ಹೊಲಿಗೆ ಮೆಷಿನ್ನಿನ ಹಿಂದೆ ಕೂತು ಬೈಯುತ್ತಿದ್ದಳು. ಬೈಯುತ್ತಲೇ ಮೊಮ್ಮಗಳ ಬೆನ್ನು ಬಾಗುವುದನ್ನು ನೋಡುತ್ತ ಗಿರಾಕಿಗಳ ರವಿಕೆಯ ಹೊಲಿಗೆಯನ್ನು ಅಂಕುಡೊಂಕು ಮಾಡಿಕೊಳ್ಳುತ್ತಿದ್ದಳು.

ಭೂಮಿಕಾ ಎರಡು ವರ್ಷದಿಂದ ಕಡೂರಿನಲ್ಲಿ ಜಿಮ್ನಾಸ್ಟಿಕ್ಸ್ ಕಲಿಯುತ್ತಿದ್ದಳು. ರಜೆ ಬಂತೆಂದು ಕ್ಲಾಸು ಎರಡು ತಿಂಗಳು ಬಾಗಿಲು ಹಾಕಿತ್ತು. ಜೂನ್ ಮೊದಲ ವಾರದಲ್ಲಿ ಕೋಚ್ ಮತ್ತೆ ಬಂದು, ಎಲ್ಲರನ್ನೂ ಒಮ್ಮೆ ಆಡಿಸಿ ನೋಡಿ, ಇಬ್ಬರು ಹುಡುಗಿಯರ ಹೆಸರನ್ನು ಕ್ರೀಡಾ ಹಾಸ್ಟೆಲ್ಲಿಗೆ ಕಳಿಸುವವರಿದ್ದರು. ಹಿಂದಕ್ಕೆ ಲಾಗ ಹಾಕಲು ಬಂದವರಿಗೆ ಮಾತ್ರ ಆ ಭಾಗ್ಯ. ಭೂಮಿಕಾಗೆ ಅದು ಕೈಗೆ ಹತ್ತಿದ್ದೇ ಫೆಬ್ರವರಿಯಲ್ಲಿ. ಎರಡು ತಿಂಗಳು ಸುಮ್ಮನೆ ಕೂತರೆ ಮೈ ಮರೆತುಬಿಡುತ್ತದೆ, ಮೆತ್ತನೆಯ ಜಾಗ ನೋಡಿಕೊಂಡು ದಿನಾ ಮಾಡಬೇಕು ಎಂದು ಕೋಚ್ ಹೇಳಿ ಕಳಿಸಿದ್ದರು.

ಅಜ್ಜಂಪುರದ ಆ ಬೀದಿಯಲ್ಲಿ ಮೆತ್ತನೆಯ ಜಾಗ ಎಲ್ಲಿಂದ ಬರಬೇಕು? ಮೂರನೇ ದಿನ ಹುಡುಗಿ ಅಂಗಳದ ಸಿಮೆಂಟಿನ ಮೇಲೇ ಹಾರಿ ಮಣಿಕಟ್ಟು ಉಳುಕಿಸಿಕೊಂಡಳು. ಕಡೂರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅವಳ ತಾಯಿ ನಯನ ಫೋನಿನಲ್ಲೇ ತೀರ್ಪು ಕೊಟ್ಟುಬಿಟ್ಟಳು. ದಿನಾ ಕೈಕಾಲು ಮುರಿದುಕೊಂಡು ಬರುವವರನ್ನು ನೋಡಿ ನೋಡಿ ಸಾಕಾಗಿದೆ, ಇನ್ನು ಇವಳದೊಂದು ಬೇಡ, ಹಾಸ್ಟೆಲ್ಲೂ ಬೇಡ ಏನೂ ಬೇಡ, ರಜೆ ಮುಗಿಯುವ ತನಕ ಟೀವಿ ನೋಡಿಕೊಂಡು ಇರಲಿ ಅಂದಳು. ಭೂಮಿಕಾ ಅಳಲಿಲ್ಲ. ಗೋಡೆಯ ಕಡೆ ತಿರುಗಿ ಮೊಬೈಲು ಹಿಡಿದು ಕೂತಳು, ಸಂಜೆಯಾದರೂ ಏಳಲಿಲ್ಲ.

ಯಶೋದಾಗೆ ಅದನ್ನು ನೋಡಲಾಗಲಿಲ್ಲ. ಹಾಗೆ ಗೋಡೆಯ ಕಡೆ ತಿರುಗಿ ಕೂತ ಇನ್ನೊಬ್ಬ ಹುಡುಗಿ ಅವಳಿಗೆ ಗೊತ್ತಿದ್ದಳು. ಆ ಹುಡುಗಿಗೆ ಆಗ ಹನ್ನೊಂದು ವರ್ಷ, ಮತ್ತು ಅವಳ ಹೆಸರೂ ಯಶೋದಾ ಎಂದೇ ಇತ್ತು.

ನಲವತ್ತು ವರ್ಷದ ಹಿಂದಿನ ಮಾತು. ಊರಿನ ಶಾಲೆಗೆ ಮಲ್ಲಿಕಾರ್ಜುನಪ್ಪ ಎಂಬ ಡ್ರಿಲ್ ಮೇಷ್ಟ್ರು ಬಂದಿದ್ದರು. ರಜೆಯಲ್ಲಿ ಬೇರೆ ಮೇಷ್ಟ್ರುಗಳೆಲ್ಲ ತಮ್ಮ ತಮ್ಮ ಊರಿಗೆ ಹೋದರೆ ಇವರು ಮಾತ್ರ ಶಾಲೆಯ ಹಾಲ್ ತೆಗೆಸಿ, ಬೆಳಿಗ್ಗೆ ಆರು ಗಂಟೆಗೆ ಮಕ್ಕಳಿಗೆ ಲಾಗ ಕಲಿಸುತ್ತೇನೆಂದು ಸಾರಿಬಿಟ್ಟರು. ಒಂದೇ ಷರತ್ತು. ಬರುವವರು ಮನೆಯಿಂದ ಒಂದೊಂದು ಹತ್ತಿ ಹಾಸಿಗೆ ತರಬೇಕು, ರಜೆ ಮುಗಿದ ಮೇಲೆ ವಾಪಸ್ಸು ಒಯ್ಯಬೇಕು.

ಬೇಸಿಗೆ ಅಂದರೆ ಆಗ ಹಾಸಿಗೆಗಳ ಕಾಲವೇ. ಹತ್ತಿ ಹಿಂಜುವವರು ಹೆಗಲ ಮೇಲೆ ಉದ್ದನೆಯ ಬಿಲ್ಲು ಹೊತ್ತು ಬೀದಿಗೆ ಬರುತ್ತಿದ್ದರು. ಬಿಲ್ಲಿನ ತಂತಿ ಟಂಯ್ ಟಂಯ್ ಎಂದರೆ ಸಾಕು, ಮನೆಮನೆಯ ಹಾಸಿಗೆಗಳು ಹೊಟ್ಟೆ ಬಿಚ್ಚಿಕೊಂಡು ಜಗಲಿಗೆ ಬರುತ್ತಿದ್ದವು. ಗಂಟುಗಂಟಾದ ಹತ್ತಿ ಮಧ್ಯಾಹ್ನದೊಳಗೆ ಹಗುರಾಗಿ ಮೇಲೆದ್ದು, ಮಕ್ಕಳ ಮೂಗಿಗೆಲ್ಲ ಅಂಟಿ, ಸಂಜೆಗೆ ಮತ್ತೆ ಹೊಲಿಸಿಕೊಂಡು ಒಳಗೆ ಹೋಗುತ್ತಿತ್ತು. ಆ ವಾಸನೆ, ಬಿಸಿಲಿಗೆ ಕಾದ ಹತ್ತಿಯ ವಾಸನೆ, ಯಶೋದಾಗೆ ಈಗಲೂ ಬೇಕೆಂದಾಗ ಬರುತ್ತದೆ.

ಆದರೆ ಅವಳ ಅಪ್ಪ ಹಮಾಲಿ. ಮನೆಯಲ್ಲಿ ಇದ್ದದ್ದು ಎರಡು ಚಾಪೆ, ಒಂದು ಕಂಬಳಿ. ನಾಲ್ಕು ದಿನ ಹಾಲ್‌ನ ಕಿಟಕಿಯ ಸರಳು ಹಿಡಿದು ನಿಂತು ಬೇರೆಯವರು ಉರುಳುವುದನ್ನು ನೋಡಿದಳು. ಐದನೇ ದಿನ ಕೆರೆ ಏರಿಯ ಕೆಳಗೆ ಒಂದು ಹಾಸಿಗೆ ಬಿದ್ದಿರುವುದು ಕಂಡಿತು. ನೀಲಿ ಪಟ್ಟೆಯದು, ಇನ್ನೂ ಉಬ್ಬಿಕೊಂಡಿತ್ತು. ಮಂಡಿ ಸಾಹುಕಾರ ರುದ್ರಮೂರ್ತಿಯವರ ತಾಯಿ ತೀರಿಕೊಂಡು ಎರಡು ದಿನವಾಗಿತ್ತು. ಸತ್ತವರ ಹಾಸಿಗೆಯನ್ನು ಊರಾಚೆ ಎಸೆಯುತ್ತಾರೆ, ಅದನ್ನು ಯಾರೂ ಮುಟ್ಟಬಾರದು. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಸುತ್ತಿ, ತಲೆಮೇಲೆ ಹೊತ್ತು, ಬೆಳಕು ಹರಿಯುವ ಹೊತ್ತಿಗೆ ಶಾಲೆಯ ಬಾಗಿಲಲ್ಲಿ ನಿಂತಳು. ಯಾರ ಮನೇದಮ್ಮ ಇದು ಎಂದು ಮೇಷ್ಟ್ರು ಕೇಳಿದರು. ನಮ್ಮನೇದು ಅಂದಳು.

ಮೇಷ್ಟ್ರು ಅದನ್ನು ಸಾಲಿನ ಕೊನೆಗೆ, ಎಲ್ಲರ ಕಾಲು ಬಂದು ಬೀಳುವ ಜಾಗಕ್ಕೆ ಹಾಸಿದರು. ಹತ್ತನೇ ದಿನ ಯಶೋದಾ ಆ ಹಾಸಿಗೆಯ ಮೇಲೆ ಹಿಂದಕ್ಕೆ ಲಾಗ ಹಾಕಿ ನಿಂತಳು. ಊರಲ್ಲಿ ಅಲ್ಲಿಯ ತನಕ ಯಾವ ಹುಡುಗಿಯೂ ಹಾಕಿರಲಿಲ್ಲ, ಹುಡುಗರಲ್ಲೂ ಇಬ್ಬರೇ. ಆ ಒಂದು ಕ್ಷಣ ಹಾಲ್‌ನ ಸೂರು ಕಾಲಡಿ ಬಂದು ಮತ್ತೆ ತಲೆಮೇಲೆ ಹೋದದ್ದು, ಆಮೇಲೆ ಮದುವೆ, ಬಾಣಂತನ, ಮನೆ ಕಟ್ಟಿದ್ದು ಎಲ್ಲ ಆದರೂ, ಅವಳ ಪಾಲಿಗೆ ಬದುಕಿನ ದೊಡ್ಡ ಸಂಗತಿಯಾಗಿಯೇ ಉಳಿದಿತ್ತು. ಇದನ್ನು ಯಾರಿಗೂ ಹೇಳಿಕೊಳ್ಳುವಂತಿರಲಿಲ್ಲ.

ಯಾಕೆಂದರೆ ಅದಾದ ಮೂರನೇ ದಿನ ಸಾಹುಕಾರರ ಸೊಸೆ ಮಗನ ಆಟ ನೋಡಲು ಬಂದು, ಹಾಸಿಗೆಯ ಮೂಲೆಯಲ್ಲಿ ತಾನೇ ಹಾಕಿದ್ದ ಕೆಂಪು ತೇಪೆ ಗುರುತಿಸಿದಳು. ಊರೆಲ್ಲ ಗುಲ್ಲೆದ್ದಿತು. ಸೂತಕದ ಹಾಸಿಗೆಯ ಮೇಲೆ ನಮ್ಮ ಮಕ್ಕಳನ್ನು ಉರುಳಾಡಿಸಿದ್ದೀರಾ ಎಂದು ತಾಯಂದಿರು ಹಾಲ್‌ಗೆ ನುಗ್ಗಿದರು. ತಂದವರು ಯಾರು ಎಂದು ಕೇಳಿದಾಗ ಯಶೋದಾ ಬೇರೆ ಹುಡುಗಿಯರ ಬೆನ್ನ ಹಿಂದೆ ಸರಿದಳು. ನಾನೇ ತಂದದ್ದು, ಚೆನ್ನಾಗಿತ್ತು, ಎತ್ತಿಕೊಂಡು ಬಂದೆ ಎಂದು ಮೇಷ್ಟ್ರು ಹೇಳಿಬಿಟ್ಟರು. ಒಂದು ಗಂಟೆಯೊಳಗೆ ಹಾಸಿಗೆಗಳೆಲ್ಲ ಮನೆ ಸೇರಿದವು. ಮಕ್ಕಳಿಗೆ ಗಂಜಲ ಚಿಮುಕಿಸಿ ತಲೆಗೆ ಎರೆದರು. ಮುಂದಿನ ವರ್ಷ ಮೇಷ್ಟ್ರಿಗೆ ಹಿರೇನಲ್ಲೂರಿನ ಕಡೆಗೆ ವರ್ಗವಾಯಿತು. ಯಶೋದಾ ಮತ್ತೆಂದೂ ಲಾಗ ಹಾಕಲಿಲ್ಲ.

ಇಷ್ಟೆಲ್ಲ ನೆನಪಾದ ಮೇಲೆ ಅವಳು ಮೆಷಿನ್ನಿಗೆ ಹೊದಿಕೆ ಹಾಕಿ ಎದ್ದಳು. ಮೊದಲು ಮಗಳಿಗೆ ಫೋನು ಮಾಡಿ, ಮೆತ್ತನೆ ಜಾಗವನ್ನೂ ಕಲಿಸುವವರನ್ನೂ ತಾನು ನೋಡಿಕೊಳ್ಳುತ್ತೇನೆ, ಇನ್ನೊಂದು ಸಲ ಕೂಸಿನ ಕೈ ಉಳುಕಿದರೆ ಆಗ ಕರೆದುಕೊಂಡು ಹೋಗು ಎಂದಳು. ನಯನ ಗೊಣಗಿದಳು, ಕೊನೆಗೆ ಅದೊಂದೇ ಷರತ್ತಿನ ಮೇಲೆ ಹೂಂ ಅಂದಳು. ಕಲಿಸುವವರು ಯಾರೆಂದು ಮಾತ್ರ ಯಶೋದಾ ಹೇಳಲಿಲ್ಲ. ಮಾರನೇ ಬೆಳಿಗ್ಗೆ ತರೀಕೆರೆಯ ಬಸ್ಸು ಹತ್ತಿದಳು.

ಮೇಷ್ಟ್ರು ನಿವೃತ್ತರಾಗಿ ತರೀಕೆರೆಯಲ್ಲಿ ಇದ್ದಾರೆಂಬುದು ಅವಳಿಗೆ ಹತ್ತಾರು ವರ್ಷದಿಂದ ಗೊತ್ತಿತ್ತು. ಬಸ್ಸಿಗೆ ಒಂದು ಗಂಟೆಯ ದಾರಿ. ಆ ಒಂದು ಗಂಟೆಯ ದಾರಿಗೆ ಅವಳು ನಲವತ್ತು ವರ್ಷ ತೆಗೆದುಕೊಂಡಿದ್ದಳು. ಈಗಲೂ ಮೊಮ್ಮಗಳಿಗಾಗಿ ಹೊರಟಿದ್ದೇನೆ, ನನಗಾಗಿ ಅಲ್ಲ ಎಂದು ಕಿಟಕಿಗೆ ಹೇಳುತ್ತ ಹೋದಳು.

ಎಪ್ಪತ್ತೈದು ದಾಟಿದ ಮೇಷ್ಟ್ರು ಅಂಗಳದಲ್ಲಿ ಒಂಟಿ ಕಾಲಲ್ಲಿ ನಿಂತು ಇನ್ನೊಂದು ಕಾಲಿಗೆ ಪ್ಯಾಂಟು ಏರಿಸುತ್ತಿದ್ದರು, ಗೋಡೆ ಹಿಡಿಯದೆ. ಯಾರೆಂದು ಮೊದಲು ತಿಳಿಯಲಿಲ್ಲ. ಅಜ್ಜಂಪುರ ಎಂದಾಗ ಮುಖ ನೋಡಿದರು, ಯಶೋದಾ ಎಂದಾಗ ಕನ್ನಡಕ ತೆಗೆದು ಒರೆಸಿಕೊಂಡರು. ಹಮಾಲಿ ಹನುಮಪ್ಪನ ಮಗಳಲ್ಲವೇ, ಹಿಂದಕ್ಕೆ ಹಾಕುತ್ತಿದ್ದವಳು ಎಂದರು. ಹಳೆಯ ಹಾಸಿಗೆಯ ಮಾತನ್ನು ಅವಳು ಎತ್ತಲಿಲ್ಲ. ಮೊಮ್ಮಗಳ ವಿಷಯ ಮಾತ್ರ ಹೇಳಿ ಮುಗಿಸಿದಳು. ಮೇಷ್ಟ್ರು ಬಹಳ ಯೋಚಿಸಲಿಲ್ಲ. ವಾರಕ್ಕೆ ಮೂರು ದಿನ ಬರುತ್ತೇನೆ, ಬರೀ ಮೊಮ್ಮಗಳೊಬ್ಬಳೇ ಆದರೆ ಆಟ ಏರುವುದಿಲ್ಲ, ಬೀದಿಯ ಮಕ್ಕಳನ್ನೂ ಸೇರಿಸು ಎಂದರು. ಆಮೇಲೆ ಬೆರಳು ಮಡಿಸಿ ಲೆಕ್ಕ ಹಾಕಿದರು.

"ಏಳು ಹಾಸಿಗೆ ಬೇಕು ಕಣಮ್ಮ. ಹತ್ತೀದೇ ಆಗ್ಬೇಕು. ಈ ಫೋಮಿನ ಮೇಲೆ ಕಾಲಿಗೆ ನೆಲ ಸಿಗಲ್ಲ, ಮಂಡಿ ತಿರುಗಿಬಿಡ್ತದೆ."

ಈ ಕಾಲದಲ್ಲಿ ಹತ್ತಿ ಹಾಸಿಗೆ ಹುಡುಕುವುದೆಂದರೆ ಹುಡುಗಾಟವಲ್ಲ. ಯಾವ ಮನೆಗೆ ಹೋದರೂ ಅಂಗಡಿಯ ಫೋಮು, ಪ್ಲಾಸ್ಟಿಕ್ಕು ಕೂಡ ಬಿಚ್ಚದೆ ಹಾಸಿಕೊಂಡವರೂ ಇದ್ದರು. ಹಿಂಜುವವರು ಬೀದಿಗೆ ಬಂದು ಎಷ್ಟೋ ವರ್ಷವಾಗಿತ್ತು. ಆದರೂ ಯಶೋದಾ ಬಿಡಲಿಲ್ಲ. ಪಕ್ಕದ ಮನೆಯ ಪ್ರೇಮಮ್ಮ ಮೊದಲು ಇಲ್ಲ ಅಂದು, ಆಮೇಲೆ ಮೊಮ್ಮಕ್ಕಳಿಬ್ಬರ ಕೈಯಿಂದ ಮೊಬೈಲು ತಪ್ಪಿದರೆ ಸಾಕೆಂದು ಅಟ್ಟದಿಂದ ಒಂದು ಇಳಿಸಿಕೊಟ್ಟಳು. ಎದುರು ಮನೆಯ ಸಿದ್ದೇಶ ತನ್ನ ಖಾಲಿ ಟ್ರ್ಯಾಕ್ಟರ್ ಶೆಡ್ಡನ್ನೂ ಒಂದು ಹಾಸಿಗೆಯನ್ನೂ ಕೊಟ್ಟ. ಹೀಗೆ ವಾರದಲ್ಲಿ ಆರು ಹಾಸಿಗೆ, ಎಂಟು ಮಕ್ಕಳು ಕೂಡಿದರು. ಹಾಸಿಗೆ ಕೊಡುವಾಗ ಎಲ್ಲರೂ ಸ್ವಲ್ಪ ಗಡಿಬಿಡಿ ಮಾಡುತ್ತಿದ್ದರು, ಬೇಗ ಒಯ್ಯಲಿ ಎಂಬಂತೆ. ಹಳೆಯದಲ್ಲವೇ, ನಾಚಿಕೆ ಇರಬೇಕು ಎಂದುಕೊಂಡಳು.

ಏಳನೆಯದು ಎಲ್ಲಿಯೂ ಸಿಗಲಿಲ್ಲ. ಸಿಗಲಿಲ್ಲ ಅನ್ನುವುದೂ ಸುಳ್ಳು. ಅವಳ ಅಟ್ಟದ ಮೇಲೇ ಒಂದಿತ್ತು.

ಗಂಡ ಅಂಜಿನಪ್ಪ ತೀರಿಕೊಂಡು ಹದಿನಾಲ್ಕು ತಿಂಗಳು. ಅವನ ಹಾಸಿಗೆಯನ್ನು ಅಂದೇ ಹೊರಗೆ ಹಾಕಿ ಎಂದು ನೆಂಟರು ಹೇಳಿದ್ದರು. ಹೂಂ ಅಂದವಳು, ಯಾವುದೋ ಹರಕು ಕೌದಿ ಸುತ್ತಿ ಎಸೆಯಲು ಕೊಟ್ಟು, ಹಾಸಿಗೆಯನ್ನು ಅಟ್ಟಕ್ಕೆ ಏರಿಸಿದ್ದಳು. ಇಪ್ಪತ್ತೊಂಬತ್ತು ವರ್ಷ ಆ ಮನುಷ್ಯ ಮಲಗಿ ಎದ್ದ ಹಾಸಿಗೆ. ಭೂಮಿಕಾ ಕೂಸಾಗಿದ್ದಾಗ ಅವನು ಅದರ ಮೇಲೇ ಅಂಗಾತ ಮಲಗಿ, ಅವಳನ್ನು ತನ್ನ ಪಾದದ ಮೇಲೆ ನಿಲ್ಲಿಸಿಕೊಂಡು, ಬೀಳೇ, ಬಿದ್ರೆ ನಾನಿದೀನಿ ಅನ್ನುತ್ತಿದ್ದ. ಕೂಸು ಕೇಕೆ ಹಾಕಿ ಬೀಳುತ್ತಿತ್ತು. ಅದನ್ನು ಕೆರೆ ಏರಿಯ ಕೆಳಗೆ ಹೇಗೆ ಎಸೆಯುವುದು? ಹಾಗೆಂದು ಹಾಸಿ ಮಲಗುವ ಧೈರ್ಯವೂ ಅವಳಿಗೆ ಇರಲಿಲ್ಲ. ಅಟ್ಟದ ಕಡೆ ತಲೆಯೆತ್ತಿ ನೋಡುವುದನ್ನೂ ಬಿಟ್ಟಿದ್ದಳು.

ಮೇಷ್ಟ್ರು ಬರುವ ಹಿಂದಿನ ದಿನ ಅದನ್ನು ಇಳಿಸಿದಳು. ಹಾಸಿಗೆಗಳು ಜಾರದಿರಲೆಂದು ಏಳಕ್ಕೂ ಒಂದೇ ಬಗೆಯ ಒರಟು ಕಂದು ಬಟ್ಟೆಯ ಗವಸು ಹೊಲಿದಳು. ಈ ಸಲ ಯಾವ ಸೊಸೆಯೂ ಯಾವ ತೇಪೆಯನ್ನೂ ಗುರುತಿಸುವಂತಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯಿತು, ಮೊಮ್ಮಗಳ ಲಾಗ ಉಳಿಯುತ್ತದೆ. ಬಾಯಿ ಬಿಟ್ಟರೆ ಅವತ್ತಿನ ಹಾಗೇ ಒಂದು ಗಂಟೆಯೊಳಗೆ ಶೆಡ್ಡು ಖಾಲಿ. ಬಾಯಿ ಮುಚ್ಚಿಕೊಂಡೇ ಇರುವುದೆಂದು ನಿರ್ಧರಿಸಿದಳು.

ಬೆಳಿಗ್ಗೆ ಆರೂವರೆಗೆ ಮೇಷ್ಟ್ರು ಬಿಳಿ ಬೂಟು ಹಾಕಿಕೊಂಡು, ಕೊರಳಲ್ಲಿ ಸೀಟಿ ನೇತುಹಾಕಿಕೊಂಡು ಶೆಡ್ಡಿಗೆ ಬಂದರು. ಮಕ್ಕಳು ಸಾಲಾಗಿ ನಿಂತವು. ಮೊದಲ ದಿನವೆಂದು ಮನೆಯವರೂ ಗೋಡೆ ಪಕ್ಕ ನಿಂತಿದ್ದರು. ಮೇಷ್ಟ್ರು ಬಗ್ಗಿ ಒಂದೊಂದು ಹಾಸಿಗೆಯನ್ನೂ ಅಂಗೈಯಿಂದ ಒತ್ತಿ ನೋಡುತ್ತ ಬಂದು, ಕೊನೆಯದರ ಹತ್ತಿರ ನಿಂತರು. ಎರಡು ಸಲ ಒತ್ತಿದರು. ಇದು ಹದವಾಗಿದೆ, ಇದೇ ಕಾಲು ಬೀಳುವ ಕಡೆಗೆ ಇರಲಿ ಎಂದರು. ಆಮೇಲೆ ಸಹಜವಾಗಿ ತಲೆಯೆತ್ತಿ, ಯಾರ ಮನೇದಮ್ಮ ಇದು ಎಂದು ಕೇಳಿದರು.

"ನಮ್ಮನೇದು" ಅಂದಳು ಯಶೋದಾ.

ಅಂದವಳಿಗೆ ತನ್ನ ದನಿ ತನಗೇ ಕೇಳಿಸಿತು. ಅದೇ ಮಾತು, ಅದೇ ಮೇಷ್ಟ್ರು. ಈ ಸಲ ಅದು ನಿಜವೇ ಆಗಿತ್ತು, ಆದರೂ ಹನ್ನೊಂದನೇ ವಯಸ್ಸಿನ ಆ ಸುಳ್ಳಿಗಿಂತ ಭಾರವಾಗಿತ್ತು. ಇನ್ನು ತಡೆದುಕೊಳ್ಳಲು ಆಗಲಿಲ್ಲ.

"ನಮ್ಮ ಯಜಮಾನ್ರುದು ಇದು. ಅವ್ರು ಇದ್ರ ಮೇಲೇನೇ ಹೋಗಿದ್ದು. ನಾನು ಎಸೀಲಿಲ್ಲ, ಅಟ್ಟದ ಮೇಲೆ ಇಟ್ಕೊಂಡಿದ್ದೆ. ನಿಮ್ಮ ಮಕ್ಕಳನ್ನ ಬಿಡೋದು ಬೇಡ ಅನ್ನಿಸಿದ್ರೆ ಈಗ್ಲೇ ಕರ್ಕೊಂಡು ಹೋಗಿ." ಮೇಷ್ಟ್ರ ಕಡೆ ತಿರುಗಿದಳು. "ಅವತ್ತು ಸಾಹುಕಾರ್ರ ಮನೆ ಹಾಸಿಗೆ ತಂದಿದ್ದೂ ನಾನೇ ಮೇಷ್ಟ್ರೇ. ನೀವು ಬೈಸ್ಕೊಂಡ್ರಿ."

ಮೇಷ್ಟ್ರು ಅದೇನೂ ದೊಡ್ಡ ಸುದ್ದಿಯಲ್ಲ ಎಂಬಂತೆ ಹಾಸಿಗೆಯ ಅಂಚಿಗೆ ಕೂತು ಬೂಟಿನ ದಾರ ಬಿಗಿಮಾಡಿಕೊಂಡರು.

"ನಿಮ್ಮಪ್ಪನ ಮನೇಲಿ ಚಾಪೆ ಬಿಟ್ರೆ ಏನಿತ್ತಮ್ಮ? ನನಗೆ ಅವತ್ತೇ ಗೊತ್ತಾಯ್ತು" ಎಂದರು. "ಗೊತ್ತಾಗದೆ ಇದ್ದಿದ್ದು ಒಂದೇ. ಗಲಾಟೆ ಆದ್ಮೇಲೂ ರಜೆ ಮುಗಿಯೋ ತನಕ ನಾನು ದಿನಾ ಆರು ಗಂಟೆಗೆ ಬಂದು ಹಾಲ್ ಬಾಗಿಲು ತೆಗೆದು ಕೂತಿರ್ತಿದ್ದೆ. ಯಾರೂ ಬರ್ದೆ ಇದ್ರೂ ನೀನೊಬ್ಬಳು ಬತ್ತೀಯ ಅಂತ. ನೀನು ಯಾಕಮ್ಮ ಬರ್ಲಿಲ್ಲ?"

ಯಶೋದಾ ಸೆರಗು ಬಾಯಿಗೆ ಒತ್ತಿಕೊಂಡಳು. ನಲವತ್ತು ವರ್ಷ ಊರು ತನ್ನ ಆಟ ಕಿತ್ತುಕೊಂಡಿತೆಂದು ಊರನ್ನು ಬೈದಿದ್ದಳು, ಮೇಷ್ಟ್ರಿಗೆ ಅನ್ಯಾಯ ಮಾಡಿದೆನೆಂದು ತನ್ನನ್ನು ಬೈದುಕೊಂಡಿದ್ದಳು. ಬಾಗಿಲು ತೆರೆದೇ ಇತ್ತು ಎಂಬುದು ಅವಳಿಗೆ ಇವತ್ತಿನ ತನಕ ಗೊತ್ತಿರಲಿಲ್ಲ. ಆ ರಜೆ ಮುಗಿಯುವ ತನಕ ನಾಚಿಕೆಯಿಂದ ಶಾಲೆಯ ಬೀದಿಗೇ ಅವಳು ಕಾಲಿಟ್ಟಿರಲಿಲ್ಲ.

ಅಷ್ಟರಲ್ಲಿ ಪ್ರೇಮಮ್ಮ ಗೋಡೆ ಬಿಟ್ಟು ಮುಂದೆ ಬಂದಳು. ಗವಸಿನ ಮೇಲಿಂದಲೇ ಒತ್ತಿ ನೋಡಿ ತನ್ನ ಹಾಸಿಗೆ ಗುರುತಿಸಿ, ಕುಕ್ಕರಗಾಲಲ್ಲಿ ಕೂತು ಅದರ ಅಂಚು ಹಿಡಿದಳು. ಸುತ್ತಿ ಎತ್ತಿಕೊಂಡು ಹೋಗಿಬಿಡುತ್ತಾಳೆ, ಮುಗಿಯಿತು ಎಂದುಕೊಂಡಳು ಯಶೋದಾ. ಭೂಮಿಕಾ ಅಜ್ಜಿಯ ಕೈ ಹುಡುಕಿ ಹಿಡಿದುಕೊಂಡಳು.

"ಯಶೋದಕ್ಕ, ಇದು ನಮ್ಮತ್ತೇದು" ಅಂದಳು ಪ್ರೇಮಮ್ಮ, ತಲೆಯೆತ್ತದೆ. "ಎರಡು ವರ್ಷ ಇದ್ರ ಮೇಲೆ ಅವ್ರನ್ನ ಮಗ್ಗುಲು ತಿರುಗಿಸಿದ್ದೀನಿ. ಎಸೆಯೋಕೆ ಕೈ ಬರ್ಲಿಲ್ಲ. ನೀನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

ಸಿದ್ದೇಶ ಕೆಮ್ಮಿದ. ಶೆಡ್ಡಿನ ತಗಡು ನೋಡುತ್ತ, ತನ್ನದೂ ಅಪ್ಪನದೇ ಎಂದು ಒಪ್ಪಿಕೊಂಡ. ಇನ್ನೊಬ್ಬಾಕೆ, ತನ್ನ ಅಜ್ಜಿಯದು ಎಂದಳು. ಆಗ ಯಶೋದಾಗೆ ಹೊಳೆಯಿತು. ಎಲ್ಲರೂ ಫೋಮಿನ ಮೇಲೆ ಮಲಗುವ ಈ ಕಾಲದಲ್ಲಿ, ಅಟ್ಟದ ಮೇಲೆ ಒಂದು ಹತ್ತಿ ಹಾಸಿಗೆ ಉಳಿಯಬೇಕಾದರೆ ಅದಕ್ಕೆ ಬೇರೆ ಯಾವ ಕಾರಣ ಇರಲು ಸಾಧ್ಯ? ಊರಿಗೆ ಊರೇ ಹರಕು ಕೌದಿ ಎಸೆದು ಹಾಸಿಗೆ ಬಚ್ಚಿಟ್ಟುಕೊಂಡಿತ್ತು. ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಪ್ರೇಮಮ್ಮನಿಗೂ ಬಂತು. ಎಲ್ಲರಿಗೂ ಬರಲಿಲ್ಲ ಅನ್ನಿ. ಮೂಲೆಯಲ್ಲಿದ್ದ ಒಬ್ಬಾಕೆ ಮುಖ ಗಂಟಿಕ್ಕಿಕೊಂಡು ಮಗನನ್ನು ದರದರ ಎಳೆದುಕೊಂಡು ತನ್ನ ಹಾಸಿಗೆಯ ಸಮೇತ ಹೊರಟೇ ಹೋದಳು. ಹುಡುಗ ಎರಡು ದಿನ ಬಿಟ್ಟು ಹಾಸಿಗೆ ಇಲ್ಲದೆ ಒಬ್ಬನೇ ಬಂದ. ಮೇಷ್ಟ್ರು ಏನೂ ಕೇಳದೆ ಸಾಲಿನಲ್ಲಿ ನಿಲ್ಲಿಸಿಕೊಂಡರು.

ಆರಾದರೂ ನಡೆಯುತ್ತದೆ ಎಂದು ಮೇಷ್ಟ್ರು ಹಾಸಿಗೆಗಳನ್ನು ಒತ್ತರಿಸಿ ಸೀಟಿ ಊದಿದರು. ವಾರವೆಲ್ಲ ಉರುಳಾಟ, ಬೆನ್ನು ಬಾಗಿಸುವುದು, ಕೈಮೇಲೆ ನಿಲ್ಲುವುದು. ಭೂಮಿಕಾಳ ಮಣಿಕಟ್ಟು ಪೂರ್ತಿ ವಾಸಿಯಾದ ಮೇಲೆಯೇ ಅವಳನ್ನು ಸಾಲಿನ ತುದಿಗೆ ಕರೆದರು. ಅವಳು ಬೆನ್ನು ಹಾಕಿ ನಿಂತಳು, ಕೈ ಎತ್ತಿದಳು, ಆದರೆ ಹಾರಲಿಲ್ಲ. ಸಿಮೆಂಟಿನ ಹೆದರಿಕೆ ಇನ್ನೂ ಮೈಯಲ್ಲಿತ್ತು. ಕತ್ತು ತಿರುಗಿಸಿ ಹಿಂದಿನ ಹಾಸಿಗೆ ನೋಡಿದಳು.

"ಅಜ್ಜಿ, ಇದು ತಾತಂದೇ ಅಲ್ವಾ?"

ಯಶೋದಾ ಹೌದೆಂದು ತಲೆಯಾಡಿಸಿದಳು. ಅಂಜಿನಪ್ಪನ ಮಾತನ್ನು ಅವಳ ಬಾಯೇ ಆಡಿತು.

"ಬೀಳೇ, ಬಿದ್ರೆ ತಾತ ಇದ್ದಾರೆ."

ಹುಡುಗಿ ಮೊದಲ ಸಲ ಬಿದ್ದಳು, ಕುಂಡೆ ಊರಿ. ಏನೂ ಆಗಲಿಲ್ಲ. ಎರಡನೇ ಸಲವೂ ಬಿದ್ದಳು. ಮೂರನೇ ಸಲ ಎರಡು ಕಾಲೂ ಒಟ್ಟಿಗೆ ಬಂದು ಹಾಸಿಗೆಯಲ್ಲಿ ಹೂತು ನಿಂತವು.

ಜೂನ್ ಮೊದಲ ವಾರ ಕಡೂರಿನಲ್ಲಿ ಕೋಚ್ ಬರೆದುಕೊಂಡ ಎರಡು ಹೆಸರಿನಲ್ಲಿ ಭೂಮಿಕಾಳದೂ ಒಂದು. ನಯನ ಫೋನಿನಲ್ಲಿ ಅತ್ತು, ಬೈದು, ಕೊನೆಗೆ ಹಾಸ್ಟೆಲ್ಲಿಗೆ ಏನೇನು ಹೊಲಿದುಕೊಡುತ್ತೀಯ ಎಂದು ಕೇಳಿದಳು. ಅಜ್ಜಂಪುರದಲ್ಲಿ ಶಾಲೆ ಶುರುವಾಗಿ, ಎಲ್ಲರೂ ಬಂದು ಅವರವರ ಹಾಸಿಗೆಯನ್ನು ಒತ್ತಿ, ಮೂಸಿ, ಗುರುತು ಹಿಡಿದು ಹೊತ್ತುಕೊಂಡು ಹೋದರು. ಮುಂದಿನ ಬೇಸಿಗೆಗೆ ಮತ್ತೆ ಕೊಡುತ್ತೇನೆ ಎಂದು ಪ್ರೇಮಮ್ಮ ಕೇಳದೆಯೇ ಹೇಳಿದಳು.

ಯಶೋದಾ ತನ್ನದನ್ನು ತಂದು ಅಂಗಳದಲ್ಲಿ ಹರಡಿ ಒಂದು ಹೊತ್ತು ಬಿಸಿಲಿಗೆ ಕಾಯಿಸಿದಳು. ಎಂಟು ಮಕ್ಕಳ ಹಿಮ್ಮಡಿ ಬಿದ್ದು ನಡುವೆ ಹಳ್ಳ ಬಿದ್ದಿತ್ತು. ಅಟ್ಟದ ಏಣಿಯನ್ನು ಒಮ್ಮೆ ನೋಡಿದಳು, ಏರಲಿಲ್ಲ. ಹದಿನಾರು ತಿಂಗಳಿಂದ ಬರಿದಾಗಿದ್ದ ಅಂಜಿನಪ್ಪನ ಮಂಚದ ಮೇಲೆ ಹಾಸಿದಳು. ಊಟ ಮುಗಿಸಿ ಬಂದು, ಆ ಹಳ್ಳದಲ್ಲಿ ಮೈ ಚೆಲ್ಲಿ, ಮಧ್ಯಾಹ್ನ ಮೂರರ ತನಕ ನಿದ್ದೆ ಮಾಡಿದಳು.